ಸುವಾರ್ತೆಗಳ ಮೊದಲ ಕೇಳುಗರು: ‘ಸಮುದಾಯ’ ವಾದದ ಬಲ ಮತ್ತು ಮಿತಿ

ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳಲ್ಲಿ ಓದುಗನೊಬ್ಬನನ್ನು ಹೆಸರು ಹಿಡಿದು ಸಂಬೋಧಿಸುವುದು ಲೂಕನದೊಂದೇ. ಅದರ ಪೀಠಿಕೆಯಲ್ಲಿ ಬರುವ ಥೆಯೊಫಿಲನೂ ಗ್ರಂಥದ ಪೋಷಕನಾಗಿದ್ದಿರಬಹುದೇ ಹೊರತು ಅದರ ಏಕೈಕ ಓದುಗನಾಗಿರಲಾರ. ಪೌಲನ ಪತ್ರಗಳಿಗಿರುವಂತೆ ಕೊರಿಂಥದವರಿಗೆ, ರೋಮಿನವರಿಗೆ ಎಂಬ ವಿಳಾಸ ಸುವಾರ್ತೆಗಳಿಗಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವಿದ್ವಾಂಸರು ಈ ತೆರವನ್ನು ‘ಸಮುದಾಯ’ ಎಂಬ ಪರಿಕಲ್ಪನೆಯಿಂದ ತುಂಬಿದರು: ಪ್ರತಿಯೊಂದು ಸುವಾರ್ತೆಯೂ ಒಂದು ನಿರ್ದಿಷ್ಟ ಸೀಮೆಯ ವಿಶ್ವಾಸಿಗಳ ನಡುವೆ, ಅವರ ಸಂಕಟಗಳಿಗೆ ಉತ್ತರವಾಗಿ ಹುಟ್ಟಿತೆಂಬುದು ಅವರ ನಿಲುವು.

ಈ ಪಂಥದ ಬೇರು ಸಂಪಾದನಾ ವಿಮರ್ಶೆಯಲ್ಲಿದೆ. ಅಂದರೆ, ಸುವಾರ್ತಿಕನು ತನಗೆ ದೊರೆತ ಸಾಮಗ್ರಿಯನ್ನು ಹೇಗೆ ತಿದ್ದಿ ಜೋಡಿಸಿದನೆಂಬುದರಿಂದ ಅವನ ಉದ್ದೇಶವನ್ನು ಅರಿಯುವ ವಿಧಾನದಲ್ಲಿ. ವಿಲ್ಲಿ ಮಾರ್ಕ್ಸೆನ್ 1956ರಲ್ಲಿ ಮಾರ್ಕನ ಸುವಾರ್ತೆಯನ್ನು ಗಲಿಲಾಯದ ಸಭೆಯೊಂದಕ್ಕೆ ಕಟ್ಟಿದರು. 1968ರಲ್ಲಿ ಜೆ. ಲೂಯಿ ಮಾರ್ಟಿನ್ ಯೋಹಾನನ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡನ ಕಥೆಯನ್ನು ಏಕಕಾಲಕ್ಕೆ ಎರಡು ನೆಲೆಗಳಲ್ಲಿ ಓದಿದರು: ಮೇಲ್ನೋಟಕ್ಕೆ ಅದು ಯೇಸುವಿನ ಕಾಲದ ಘಟನೆ, ಒಳಗೆ, ಮೊದಲನೆಯ ಶತಮಾನದ ಕೊನೆಯಲ್ಲಿ ಸಭಾಮಂದಿರದಿಂದ ಹೊರದೂಡಲ್ಪಟ್ಟ ಯೆಹೂದಿ ವಿಶ್ವಾಸಿಗಳ ಅನುಭವ. ಸಭಾಮಂದಿರದಿಂದ ಬಹಿಷ್ಕಾರವನ್ನು ಸೂಚಿಸುವ ಪದ ಆ ಸುವಾರ್ತೆಯಲ್ಲಿ ಮೂರು ಬಾರಿ ಬರುವುದರಿಂದ ಈ ಓದಿಗೆ ಪಠ್ಯದ ಆಸರೆ ಇದ್ದೇ ಇದೆ, ಮತ್ತು ಆ ಕಥೆಯಲ್ಲಿ ತಂದೆತಾಯಿಗಳು ಮಗನ ಪರವಾಗಿ ಮಾತಾಡಲು ಅಂಜುವ ಪ್ರಸಂಗಕ್ಕೆ ಮಾರ್ಟಿನ್ ತಂದುಕೊಟ್ಟ ತೀವ್ರತೆ ಇಂದಿಗೂ ಮಾಸಿಲ್ಲ. ಆದರೆ 1979ರಲ್ಲಿ ರೇಮಂಡ್ ಬ್ರೌನ್ ಅದೇ ಸಮುದಾಯದ ಚರಿತ್ರೆಯನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿ ಹೇಳುವ ಹೊತ್ತಿಗೆ ಊಹೆಯ ಮೇಲೆ ಊಹೆ ಏರಿತ್ತು. ಪಠ್ಯದಿಂದ ಸಮುದಾಯವನ್ನು ಕಲ್ಪಿಸಿ, ಆ ಸಮುದಾಯದಿಂದ ಮರಳಿ ಪಠ್ಯವನ್ನು ವಿವರಿಸುವ ಈ ಸುತ್ತುವಾದವೇ ಪಂಥದ ಮೂಲದೋಷ.

1998ರಲ್ಲಿ ರಿಚರ್ಡ್ ಬಾಕಂ ಸಂಪಾದಿಸಿದ ಸಂಕಲನ ಈ ದೋಷಕ್ಕೆ ನೇರವಾಗಿ ಕೈಹಾಕಿತು. ದಿನವೂ ಮುಖಾಮುಖಿ ಮಾತಾಡಬಲ್ಲ ನೆರೆಹೊರೆಯವರಿಗಾಗಿ ಯಾರೂ ಇಂಥ ಗ್ರಂಥ ಬರೆಯುವುದಿಲ್ಲ, ರೋಮನ್ ಸಾಮ್ರಾಜ್ಯದ ಸಭೆಗಳ ನಡುವೆ ಬೋಧಕರೂ ಪತ್ರಗಳೂ ನಿರಂತರ ಓಡಾಡುತ್ತಿದ್ದವು, ಆದ್ದರಿಂದ ಸುವಾರ್ತೆಗಳು ಎಲ್ಲ ಕ್ರೈಸ್ತರಿಗಾಗಿ ಹೊರಟವು ಎಂಬ ಬಾಕಂ ಅವರ ವಾದ ಪರಿಣಾಮಕಾರಿಯಾಗಿತ್ತು. ಆದರೂ ಅದು ಇನ್ನೊಂದು ತುದಿಗೆ ವಾಲಿತು. ಮಾರ್ಗರೆಟ್ ಮಿಚೆಲ್ 2005ರಲ್ಲಿ ತೋರಿಸಿಕೊಟ್ಟಂತೆ, ಪ್ರಾಚೀನ ಸಭಾಪಿತೃಗಳೇ ಸುವಾರ್ತೆಗಳಿಗೆ ಸ್ಥಳೀಯ ಮೂಲಗಳನ್ನು ಹೇಳಿದ್ದರು. ಮಾರ್ಕನು ರೋಮಿನ ಕೇಳುಗರ ಕೋರಿಕೆಯ ಮೇಲೆ ಬರೆದನೆಂಬ ಅಲೆಕ್ಸಾಂದ್ರಿಯದ ಕ್ಲೆಮೆಂಟನ ಮಾತು ಅಂಥದ್ದು.

ಎರಡೂ ಪಕ್ಷಗಳು ಸಾಕಷ್ಟು ಗಮನಿಸದ ಸಾಕ್ಷ್ಯವಿರುವುದು ನಿರೂಪಕನು ಕಥೆಯ ನಡುವೆ ಕೇಳುಗರಿಗೆಂದೇ ಸೇರಿಸುವ ಸಣ್ಣ ವಿವರಣೆಗಳಲ್ಲಿ. ಮಾರ್ಕನ ಏಳನೆಯ ಅಧ್ಯಾಯದಲ್ಲಿ ಫರಿಸಾಯರೊಂದಿಗಿನ ವಾದ ಏಳುವ ಮೊದಲೇ, ಯೆಹೂದಿಗಳು ಕೈತೊಳೆಯದೆ ಊಟಮಾಡುವುದಿಲ್ಲ, ಲೋಟ, ತಂಬಿಗೆ, ತಾಮ್ರದ ಪಾತ್ರೆಗಳನ್ನೂ ತೊಳೆಯುತ್ತಾರೆ ಎಂಬ ವಿವರಣೆ ಬರುತ್ತದೆ. ಈ ಆಚಾರವನ್ನು ಹೊರಗಿನಿಂದ ನೋಡುವವರನ್ನು ಉದ್ದೇಶಿಸಿಯೇ ಅದು ಬಂದಿದೆ. ಮಾರ್ಕನನ್ನು ಆಧರಿಸಿದ ಮತ್ತಾಯನು ವಾದವನ್ನು ಉಳಿಸಿಕೊಂಡು ವಿವರಣೆಯನ್ನು ಬಿಟ್ಟಿದ್ದಾನೆ, ಏಕೆಂದರೆ ಅವನ ಕೇಳುಗರಿಗೆ ಅದು ಬೇಕಿರಲಿಲ್ಲವೆಂದು ತೋರುತ್ತದೆ. ಯೇಸುವಿನ ಶಿಲುಬೆಯನ್ನು ಹೊತ್ತ ಕುರೇನೆಯ ಸೀಮೋನನನ್ನು ಅಲೆಕ್ಸಾಂದ್ರ ಮತ್ತು ರೂಫರ ತಂದೆಯೆಂದು ಮಾರ್ಕನು ಗುರುತಿಸುತ್ತಾನೆ. ಮತ್ತಾಯ, ಲೂಕರಲ್ಲಿ ಆ ಮಕ್ಕಳ ಹೆಸರು ಮಾಯವಾಗಿದೆ. ಕೇಳುಗರು ಬದಲಾದಾಗ ಬರಹವೂ ಬದಲಾಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಸಿಗುವುದು ಕಷ್ಟ, ಮತ್ತು ‘ಎಲ್ಲ ಕ್ರೈಸ್ತರು’ ಎಂಬ ಬಾಕಂ ಅವರ ಸೂತ್ರಕ್ಕೆ ಇದು ಪೂರ್ತಿ ಒಗ್ಗುವುದಿಲ್ಲ. ಅದೇ ವೇಳೆ, ಮಾರ್ಕನ ಗ್ರಂಥ ಮತ್ತಾಯ, ಲೂಕರಿಬ್ಬರ ಕೈಸೇರಿತ್ತೆಂಬ ಸಂಗತಿಯೇ ಮುಚ್ಚಿದ ಸಮುದಾಯದ ಚಿತ್ರವನ್ನು ಒಡೆಯುತ್ತದೆ.

ಯೋಹಾನನ ಸುವಾರ್ತೆಯಂತೂ ಮೂರನೆಯ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನು ಇನ್ನೂ ಸೆರೆಗೆ ಹೋಗಿರಲಿಲ್ಲವೆಂದು ಹೇಳುತ್ತದೆ, ಆದರೆ ಅವನ ಸೆರೆವಾಸದ ಕಥೆಯನ್ನು ಎಲ್ಲಿಯೂ ಹೇಳುವುದಿಲ್ಲ. ಆ ಕಥೆಯನ್ನು ಬೇರೆಡೆ ಕೇಳಿ ಬಂದವರನ್ನು ಅದು ಎದುರಿಗಿಟ್ಟುಕೊಂಡಿದೆ. ಅದೇ ಗ್ರಂಥ ‘ರಬ್ಬಿ’ ಎಂದರೆ ಗುರುವೆಂದೂ, ಶವವನ್ನು ಸುಗಂಧದ್ರವ್ಯಗಳೊಡನೆ ಬಟ್ಟೆಯಲ್ಲಿ ಸುತ್ತುವುದು ಯೆಹೂದಿಗಳ ಪದ್ಧತಿಯೆಂದೂ ತಿಳಿಸಿಹೇಳುತ್ತದೆ. ಸಭಾಮಂದಿರದಲ್ಲಿ ಬೆಳೆದು ಅಲ್ಲಿಂದ ಹೊರಬಿದ್ದವರು ಮಾತ್ರ ಅದರ ಕೇಳುಗರಾಗಿದ್ದರೆ ಈ ವಿವರಣೆಗಳ ಅಗತ್ಯವೇ ಬೀಳುತ್ತಿರಲಿಲ್ಲ.