ಅಶ್ವಶಾಸ್ತ್ರಗಳ ಶಿಕ್ಷಾಭಾಗ ಮತ್ತು ಗ್ರಂಥಸಂಪಾದನೆ: ‘ವಲ್ಗಿತ’ ಶಬ್ದವನ್ನು ಕುರಿತು

ಕನ್ನಡದಲ್ಲಿ ಶಾಸ್ತ್ರಸಾಹಿತ್ಯವನ್ನು ಬೆಳೆಸಿದವರಲ್ಲಿ ಜೈನ ವಿದ್ವಾಂಸರು ಅಗ್ರಗಣ್ಯರೆಂಬುದು ವಿದಿತವಾದ ವಿಷಯ. ಕೀರ್ತಿವರ್ಮನ ‘ಗೋವೈದ್ಯ’, ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವುಗಳ ಸಾಲಿನಲ್ಲಿಯೇ ಸುಮಾರು 1400ರ ಅಭಿನವಚಂದ್ರನ ‘ಅಶ್ವವೈದ್ಯ’ವೂ, ಮೈಸೂರಿನ ಚಾಮರಾಜ ಒಡೆಯರ ಆಳಿಕೆಯಲ್ಲಿ 1627ರಲ್ಲಿ ರಚಿತವಾದ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ವೂ ನಿಲ್ಲುತ್ತವೆ. ಸಾಹಿತ್ಯಚರಿತ್ರೆಗಳು ಇಂತಹ ಕೃತಿಗಳನ್ನೆಲ್ಲ ಪಶುವೈದ್ಯವೆಂಬ ಒಂದೇ ಶೀರ್ಷಿಕೆಯ ಅಡಿಯಲ್ಲಿ ಎರಡು ಮೂರು ವಾಕ್ಯಗಳಲ್ಲಿ ಮುಗಿಸುವುದು ರೂಢಿಯಾಗಿದೆ. ಈ ವರ್ಗೀಕರಣವು ಮೇಲುನೋಟಕ್ಕೆ ನಿರುಪದ್ರವಿಯಾಗಿ ಕಂಡರೂ ಗ್ರಂಥಸಂಪಾದನೆಯ ದೃಷ್ಟಿಯಿಂದ ದೋಷಯುಕ್ತವಾದದ್ದು. ಅದು ಹೇಗೆಂಬುದನ್ನು ಒಂದು ಶಬ್ದವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ.

ಅಶ್ವಶಾಸ್ತ್ರವೆಂಬ ಸಂಪ್ರದಾಯದಲ್ಲಿ ಲಕ್ಷಣ, ಚಿಕಿತ್ಸೆ, ಶಿಕ್ಷೆ ಎಂಬ ಮೂರು ವಿಷಯಗಳು ಕೂಡಿಕೊಂಡಿವೆ. 1887ರಲ್ಲಿ ಕಲ್ಕತ್ತೆಯಲ್ಲಿ ಒಟ್ಟಿಗೆ ಅಚ್ಚಾದ ಜಯದತ್ತನ ‘ಅಶ್ವವೈದ್ಯಕ’ ಮತ್ತು ನಕುಲನ ಹೆಸರಿನ ‘ಅಶ್ವಚಿಕಿತ್ಸಿತ’ಗಳ ಹೆಸರುಗಳು ವೈದ್ಯವನ್ನೇ ಸೂಚಿಸಿದರೂ ಒಳಗೆ ವಾಹನವಿಧಿಯೂ ಉಂಟು. ಆದುದರಿಂದ ಒಂದೇ ಗ್ರಂಥದೊಳಗೆ ಒಂದೇ ಶಬ್ದವು ಎರಡು ಅರ್ಥಗಳಲ್ಲಿ ಬರುವ ಸಂಭವವಿದೆ. ‘ಧಾರೆ’ ಎಂಬುದು ಚಿಕಿತ್ಸಾಭಾಗದಲ್ಲಿ ಎಣ್ಣೆ ಅಥವಾ ಕಷಾಯದ ಸುರಿತ. ಶಿಕ್ಷಾಭಾಗದಲ್ಲಿ ಕುದುರೆಯ ನಡೆ. ‘ಮಂಡಲ’ವು ಅಲ್ಲಿ ಚರ್ಮದ ಮೇಲಿನ ಕಲೆ, ಇಲ್ಲಿ ಕುದುರೆಯನ್ನು ಸುತ್ತಿಸುವ ವೃತ್ತ. ಇಡೀ ಗ್ರಂಥವನ್ನು ವೈದ್ಯವೆಂದೇ ಬಗೆದು ಕುಳಿತ ಸಂಪಾದಕನು ಸವೆದ ಗರಿಯಲ್ಲಿ ಇಂತಹ ಶಬ್ದವನ್ನು ಕಂಡಾಗ ತನಗೆ ಪರಿಚಿತವಾದ ಅರ್ಥದತ್ತಲೇ ಪಾಠವನ್ನು ತಿದ್ದುವ ಅಪಾಯವಿದೆ.

ಪ್ರಕೃತ ‘ವಲ್ಗಿತ’ ಶಬ್ದವನ್ನು ನೋಡಬಹುದು. ಮೈಸೂರಿನ ಹಸ್ತಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಸವಾರಿಯ ಕುದುರೆಗೆ ವಲ್ಗನ, ನೀಚೈರ್ಗತ, ಲಂಘನ, ಧೋರಣ, ನಾರೋಷ್ಟ್ರ ಎಂಬ ಐದು ಬಗೆಗಳನ್ನು ಹೇಳಿದೆ. ಅಲ್ಲಿ ವಲ್ಗನವೆಂದರೆ ವೃತ್ತಾಕಾರದ ಚಲನೆಯೆಂದೂ ನಾರೋಷ್ಟ್ರವೆಂದರೆ ಸಂಜ್ಞೆಗೆ ಓಗೊಡುವುದೆಂದೂ ಶಾಸ್ತ್ರಿಗಳು ಅನುವಾದಿಸಿದ್ದಾರೆ. ಅಮರಕೋಶವು ಐದು ಧಾರೆಗಳನ್ನು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಎಣಿಸುತ್ತದೆ. ಹನ್ನೆರಡನೆಯ ಶತಮಾನದ ಆಚಾರ್ಯ ಹೇಮಚಂದ್ರನು ‘ಅಭಿಧಾನಚಿಂತಾಮಣಿ’ಯಲ್ಲಿ ಹೆಸರನ್ನು ಮಾತ್ರ ಹೇಳಿ ಬಿಡದೆ ಒಂದೊಂದಕ್ಕೂ ಲಕ್ಷಣವನ್ನು ಕೊಡುತ್ತಾನೆ. ಧೌರಿತವನ್ನು ಮುಂಗುಸಿ, ನವಿಲು ಮೊದಲಾದವುಗಳ ನಡೆಗೆ ಹೋಲಿಸುತ್ತಾನೆ. ವಲ್ಗಿತಕ್ಕೆ ಆತನು ಕೊಡುವ ಲಕ್ಷಣದಲ್ಲಿ ಮೂರು ಅಂಶಗಳಿವೆ: ಶರೀರದ ಮುಂಭಾಗವು ಮೇಲೇಳುವುದು, ಮುಖವು ಒಳಕ್ಕೆ ಬಾಗುವುದು, ತ್ರಿಕ ಅಂದರೆ ಬೆನ್ನೆಲುಬು ಮುಗಿಯುವ ಹಿಂಭಾಗವು ತಗ್ಗುವುದು.

ಕೌಟಿಲ್ಯನ ವಲ್ಗನಕ್ಕೂ ಹೇಮಚಂದ್ರನ ವಲ್ಗಿತಕ್ಕೂ ಧಾತು ಒಂದೇ. ಒಂದು ಕುದುರೆಯು ಹೋಗುವ ದಾರಿಯನ್ನು ಹೇಳುತ್ತದೆ, ಮತ್ತೊಂದು ಹೋಗುವಾಗಿನ ಶರೀರಸ್ಥಿತಿಯನ್ನು ಹೇಳುತ್ತದೆ. ಇವೆರಡನ್ನೂ ‘ಕುದುರೆಯ ಒಂದು ಬಗೆಯ ಓಟ’ ಎಂಬ ಒಂದೇ ಟಿಪ್ಪಣಿಯಿಂದ ಸರಿಗಟ್ಟುವುದು ಅರ್ಥಕಥನವಾಗಲಾರದು. ಹೇಮಚಂದ್ರನ ಮೂರು ಅಂಶಗಳು ಬಿಡಿಬಿಡಿಯಾದ ವರ್ಣನೆಗಳೋ ಅಥವಾ ಒಂದಕ್ಕೊಂದು ಕಾರಣವೋ ಎಂಬ ಪ್ರಶ್ನೆಗೆ ಕೋಶವನ್ನು ಎಷ್ಟು ತಿರುವಿದರೂ ಉತ್ತರ ದೊರೆಯದು. ಅದು ದೊರೆಯುವುದು ಕುದುರೆಯ ಬಳಿಯಲ್ಲಿ.

ಸವಾರಿಗೆ ಮೊದಲು, ಶಿಕ್ಷಕನು ನೆಲದ ಮೇಲೆಯೇ ನಿಂತು ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವ ಕ್ರಮವೊಂದುಂಟು. ಯುರೋಪಿನಲ್ಲಿ ಅದು ಗ್ರಂಥಸ್ಥವಾಗಿ ಬೆಳೆದಿದೆ. ಫ್ರಾನ್ಸಿನ ಪ್ಲೂವಿನೆಲನ ಗ್ರಂಥವು ಅವನ ಮರಣಾನಂತರ 1623ರಲ್ಲಿಯೂ ಪರಿಷ್ಕೃತ ರೂಪದಲ್ಲಿ 1625ರಲ್ಲಿಯೂ ಅಚ್ಚಾಯಿತು; ಮೈಸೂರಿನಲ್ಲಿ ‘ಹಯಸಾರಸಮುಚ್ಚಯ’ವು ಸಿದ್ಧವಾದದ್ದು ಅದಾದ ಎರಡೇ ವರ್ಷಗಳಲ್ಲಿ. 1733ರ ಲಾ ಗೆರಿನಿಯೇರನ ಗ್ರಂಥವು ಈ ವಿದ್ಯೆಯನ್ನು ಕ್ರಮಬದ್ಧಗೊಳಿಸಿತು. ವಿಯೆನ್ನಾದ ಅಶ್ವಶಾಲೆಯಲ್ಲಿ ಇಂದಿಗೂ ಅದು ರೂಢಿಯಲ್ಲಿದೆ. ಶಿಕ್ಷಕನು ಕುದುರೆಯ ಹೆಗಲಿನ ಬಳಿ ನಿಲ್ಲುತ್ತಾನೆ. ಒಂದು ಕೈಯಲ್ಲಿ ಲಗಾಮು, ಮತ್ತೊಂದರಲ್ಲಿ ನೀಳವಾದ ತೆಳುಕೋಲು. ಕೋಲು ಹೊಡೆಯಲಿಕ್ಕಲ್ಲ, ಹಿಂಗಾಲನ್ನು ಮುಟ್ಟಿ ಎಚ್ಚರಿಸಲಿಕ್ಕೆ. ಹಿಂಗಾಲುಗಳು ಒಡಲಿನ ಕೆಳಗೆ ಮುಂದೆ ಬಂದು ಭಾರವನ್ನು ಹೊತ್ತಾಗ ತ್ರಿಕವು ತಗ್ಗುತ್ತದೆ. ತ್ರಿಕವು ತಗ್ಗಿದ್ದರಿಂದ ಮುಂಭಾಗವು ಹಗುರವಾಗಿ ಏಳುತ್ತದೆ. ಆ ಬಳಿಕ ಮುಖವು ತಾನಾಗಿ ಬಾಗುತ್ತದೆ. ಹೇಮಚಂದ್ರನ ಲಕ್ಷಣದಲ್ಲಿ ಕೊನೆಗೆ ಹೇಳಿದ ಅಂಶವೇ ಕ್ರಿಯೆಯಲ್ಲಿ ಮೊದಲನೆಯದು.

ಇದನ್ನು ಕೇವಲ ಪುಸ್ತಕದಿಂದ ಕಲಿಯುವವನಿಗೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹೊರವಲಯವು ಕುದುರೆಗೆ ಹೊಸತಲ್ಲ. ಇಂದು ಎಲೆಕ್ಟ್ರಾನಿಕ್ ಸಿಟಿಯ ನೆರೆಯಲ್ಲಿರುವ ಬೇಗೂರಿನಿಂದ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿರುವ, ಗಂಗರ ಕಾಲದ ನಾಗತ್ತರನ ವೀರಗಲ್ಲಿನಲ್ಲಿ ಆನೆಕುದುರೆಗಳ ಕಾಳಗವು ಕೆತ್ತಲ್ಪಟ್ಟಿದೆ. ಪೀಣ್ಯದ ಕಾರ್ಖಾನೆಗಳನ್ನು ದಾಟಿ ನೆಲಮಂಗಲದ ಮೇಲೆ ಹೋದರೆ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಅಶ್ವಕ್ಷೇತ್ರ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅಶ್ವಾರೋಹಣದಲ್ಲಿ ಬೆಳ್ಳಿಯ ಪದಕಗಳನ್ನು ಪಡೆದ ಮೇಲೆ ಈ ವಿದ್ಯೆಯ ಮಾತು ಈ ನಗರದಲ್ಲಿ ಇನ್ನಷ್ಟು ಕೇಳಿಬಂದಿತು. ವೈಟ್‌ಫೀಲ್ಡಿನ ಕಚೇರಿಯಲ್ಲಿ ವಾರವೆಲ್ಲ ದುಡಿದು ಭಾನುವಾರ ಸವಾರಿಶಾಲೆಗೆ ಹೋಗುವ ವಿದ್ಯಾವಂತನೊಬ್ಬನು ಇಂತಹ ಶಿಕ್ಷಾಗ್ರಂಥವನ್ನು ಓದಿ ನೆಲದ ಶಿಕ್ಷೆಗೆ ತೊಡಗಿದನೆಂದು ಭಾವಿಸೋಣ. ಗ್ರಂಥದ ಚಿತ್ರದಲ್ಲಿ ಅವನ ಕಣ್ಣಿಗೆ ಮೊದಲು ಬೀಳುವುದು ಬಾಗಿದ ಮುಖ. ಅವನು ಕುದುರೆಯ ಎದುರಿಗೆ ನಿಂತು ಲಗಾಮನ್ನು ಎಳೆದು ಮುಖವನ್ನು ಬಾಗಿಸುತ್ತಾನೆ. ಕುತ್ತಿಗೆ ಮುರಿದಂತೆ ಬಾಗುತ್ತದೆ, ಬೆನ್ನು ಬಿಗಿಯುತ್ತದೆ, ಹಿಂಗಾಲು ಮುಂದೆ ಬರುವುದಿಲ್ಲ, ತ್ರಿಕವು ತಗ್ಗುವುದಿಲ್ಲ. ಲಕ್ಷಣದ ಒಂದು ಪದವು ಸಿದ್ಧಿಸಿತು, ಲಕ್ಷ್ಯವು ಕೈತಪ್ಪಿತು. ಗ್ರಂಥದಲ್ಲಿ ತಪ್ಪಿಲ್ಲ, ಓದಿದ ಕ್ರಮದಲ್ಲಿ ತಪ್ಪಿದೆ. ಆ ತಪ್ಪನ್ನು ಅವನಿಗೆ ತೋರಿಸಬಲ್ಲವರು ಇಬ್ಬರೇ: ಅನುಭವಿಯಾದ ಶಿಕ್ಷಕ ಮತ್ತು ಕುದುರೆ.

ಸಂಪಾದಕನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವನ ಕೈಯಲ್ಲಿಯೂ ಪದಗಳಿವೆ, ಕ್ರಮವಿಲ್ಲ. ಆದರೆ ಅವನನ್ನು ತಿದ್ದಲು ಎದುರಿಗೆ ಕುದುರೆಯಿಲ್ಲದ ಕಾರಣ ಅವನ ತಪ್ಪು ಅಚ್ಚಾಗಿ ಉಳಿಯುತ್ತದೆ. ಮುಂದಿನ ನಿಘಂಟಿಗೆ ಅದೇ ಪ್ರಮಾಣವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಯುರೋಪಿನ ಅಶ್ವವಿದ್ಯೆಯನ್ನು ಆಧರಿಸಿ ಹೇಮಚಂದ್ರನನ್ನು ಅರ್ಥೈಸುವುದು ಹೊರಗಿನದನ್ನು ಗ್ರಂಥದೊಳಕ್ಕೆ ತುರುಕಿದಂತಾಗದೇ ಎಂಬುದೇ ಆ ಆಕ್ಷೇಪ. ಆಕ್ಷೇಪವು ಸಾಧುವಾದದ್ದೇ. ಪ್ಲೂವಿನೆಲನು ನಡೆಸಿದ ಪಾಠಕ್ರಮವೇ ಅಣಹಿಲಪಟ್ಟಣದಲ್ಲಿಯೂ ಇತ್ತೆಂದು ಹೇಳಲು ಆಧಾರವಿಲ್ಲ. ಆದರೆ ಇಲ್ಲಿ ಪ್ರಮಾಣವೆಂದು ಹಿಡಿದಿರುವುದು ಯುರೋಪಿನ ಗ್ರಂಥವನ್ನಲ್ಲ, ಕುದುರೆಯ ಶರೀರವನ್ನು. ಹಿಂಗಾಲು ಭಾರ ಹೊರದೆ ತ್ರಿಕವು ತಗ್ಗದು ಎಂಬುದು ಎಲ್ಲ ದೇಶದ ಕುದುರೆಗೂ ಸಮಾನ. ಶಬ್ದಪ್ರಮಾಣವು ಹೇಳಿದ್ದನ್ನು ಪ್ರತ್ಯಕ್ಷದಿಂದ ಪರೀಕ್ಷಿಸುವುದು ನಮ್ಮ ನ್ಯಾಯಗ್ರಂಥಗಳಿಗೆ ಅಪರಿಚಿತವಾದ ಮಾರ್ಗವೇನೂ ಅಲ್ಲ. ಪ್ರತ್ಯಕ್ಷವು ಪಾಠವನ್ನು ಬದಲಿಸಬಾರದು. ಇರುವ ಪಾಠಗಳಲ್ಲಿ ಯಾವುದು ಅರ್ಥವತ್ತಾದುದೆಂದು ಸೂಚಿಸಬಹುದು.

ಜೈನ ವಿದ್ವಾಂಸರಿಗೆ ಈ ವಿಷಯದಲ್ಲಿ ಇನ್ನೊಂದು ಹೊಣೆಯೂ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳನ್ನು ಐದಾಗಿ ಎಣಿಸುತ್ತದೆ: ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವು ಐದೂ ಪಶುಪಾಲಕನ ಕೈಗೆ ಎಟುಕುವ ದೋಷಗಳೇ. ‘ಜ್ಞಾತೃಧರ್ಮಕಥಾ’ದ ಹದಿನೇಳನೆಯ ಅಧ್ಯಯನದಲ್ಲಿ ಶಬ್ದಗಂಧಾದಿಗಳಿಗೆ ಮರುಳಾಗಿ ಸೆರೆಸಿಕ್ಕ ಕುದುರೆಗಳು ಅಶ್ವಶಿಕ್ಷಕರ ಕಟ್ಟುಗಳನ್ನೂ ಚಾವಟಿಯ ಏಟುಗಳನ್ನೂ ಅನುಭವಿಸುವ ಪ್ರಸಂಗವಿದೆ. ಅದು ವಿಷಯಾಸಕ್ತನಾದ ಜೀವನಿಗೆ ದೃಷ್ಟಾಂತ. ಆದರೂ ಶಿಕ್ಷೆಯು ಕುದುರೆಗೆ ನೋವಾಗಬಲ್ಲದೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಇತ್ತ ಅಶ್ವಶಾಸ್ತ್ರದ ಸಂಪ್ರದಾಯವು ಯಾವ ತಪ್ಪಿಗೆ ಯಾವ ಸ್ಥಾನದಲ್ಲಿ ತಾಡನವೆಂದು ನಿಯಮಿಸಿ, ಅಸ್ಥಾನದ ಏಟಿನಿಂದ ಕುದುರೆಯಲ್ಲಿ ಹೊಸ ದೋಷಗಳು ಹುಟ್ಟುತ್ತವೆಂದು ಎಚ್ಚರಿಸುತ್ತದೆ. ವ್ರತಧಾರಿಯಾದ ಗ್ರಂಥಕಾರನೊಬ್ಬನು ಇದೇ ವಿಷಯವನ್ನು ಕನ್ನಡಿಸುವಾಗ ತಾಡನವನ್ನು ಇದ್ದಂತೆಯೇ ಉಳಿಸಿದನೇ, ತಗ್ಗಿಸಿದನೇ, ಸಂಜ್ಞೆಗೆ ಹೆಚ್ಚಿನ ಸ್ಥಾನವನ್ನು ಕೊಟ್ಟನೇ ಎಂಬುದು ಕೇವಲ ಅಶ್ವವಿದ್ಯೆಯ ಪ್ರಶ್ನೆಯಲ್ಲ. ಶ್ರಾವಕಾಚಾರವು ಲೋಕವ್ಯವಹಾರದಲ್ಲಿ ಹೇಗೆ ಬಾಳಿತೆಂಬ ಪ್ರಶ್ನೆ. ಶಿಕ್ಷಾಭಾಗವನ್ನು ವೈದ್ಯದ ಬಾಲಂಗೋಚಿಯೆಂದು ಬಿಟ್ಟರೆ ಈ ಪ್ರಶ್ನೆಯನ್ನು ಕೇಳುವುದಕ್ಕೇ ಎಡೆಯಿಲ್ಲದಂತಾಗುತ್ತದೆ.

ಆದುದರಿಂದ ಅಶ್ವಸಂಬಂಧಿಯಾದ ಓಲೆಯ ಪ್ರತಿಗಳನ್ನು ಸೂಚಿಗಳಲ್ಲಿ ನಮೂದಿಸುವಾಗ ಲಕ್ಷಣ, ಚಿಕಿತ್ಸೆ, ಶಿಕ್ಷೆಗಳ ಗರಿಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಮೊದಲ ಕೆಲಸ. ಧಾರೆ, ಮಂಡಲ, ವಲ್ಗಿತ ಮುಂತಾದ ಪಾರಿಭಾಷಿಕಗಳಲ್ಲಿ ಪಾಠಾಂತರಗಳನ್ನು ಒಂದನ್ನೂ ಬಿಡದೆ ಅಡಿಯಲ್ಲಿ ಕೊಡುವುದು, ಅರ್ಥವು ಹೊಳೆಯದ ಕಡೆ ಊಹೆಯಿಂದ ತಿದ್ದದಿರುವುದು ಎರಡನೆಯದು. ಶಬ್ದಕೋಶವನ್ನು ಅಂತಿಮಗೊಳಿಸುವ ಮೊದಲು, ಓದುಬರಹ ಬಾರದವನಾದರೂ ಸರಿಯೇ, ಕುದುರೆಯನ್ನು ಕೈಯಲ್ಲಿ ಪಳಗಿಸಿದ ಒಬ್ಬನ ಮುಂದೆ ಆ ಪದಗಳನ್ನು ಓದಿ ಅವನು ಮಾಡಿ ತೋರಿಸಿದ್ದನ್ನು ಬರೆದುಕೊಳ್ಳುವುದು ಮೂರನೆಯದು. ಜಟಕಾಬಂಡಿಗಳು ಬೀದಿಯಿಂದ ಮರೆಯಾದಂತೆ ಅಂತಹವರ ಸಂಖ್ಯೆಯೂ ಕಡಮೆಯಾಗುತ್ತ ಬಂದಿದೆ. ಗರಿಗಳನ್ನು ಹುಳುಗಳಿಂದ ರಕ್ಷಿಸುವ ಉಪಾಯಗಳಿವೆ. ಕೈಯಲ್ಲಿರುವ ವಿದ್ಯೆಯು ಕೈಯೊಡನೆಯೇ ಹೋಗುತ್ತದೆ. ಈ ಮೂರು ಕೆಲಸಗಳಲ್ಲಿ ಮೊದಲೆರಡು ಕಾಯಬಲ್ಲವು, ಮೂರನೆಯದು ಕಾಯಲಾರದು.