ಫ್ಯಾಮಿಲಿ ರೂಮಿನ ಪರದೆ

ಹೋಟೆಲಿನ ಬೋರ್ಡಿನ ಮೇಲೆ ‘ಫ್ಯಾಮಿಲಿ’ ಎಂಬ ಶಬ್ದ ಬರೆಸುವ ಮಾಲೀಕರು ಮನಸ್ಸಿನಲ್ಲಿ ಏನು ಅರ್ಥ ಇಟ್ಟುಕೊಂಡಿರುತ್ತಾರೆಂದು ನನಗೆ ಬಹಳ ದಿನಗಳಿಂದ ಕುತೂಹಲ. ‘ಫ್ಯಾಮಿಲಿ ಬಂದಿದ್ದಾರೆ’ ಎಂದರೆ ಹೆಂಡತಿ ಬಂದಿದ್ದಾಳೆ ಎಂದು ತಿಳಿಯುವ ಸೀಮೆ ನಮ್ಮದು. ‘ಬಾರ್ ಆ್ಯಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಎಂಬ ಬೋರ್ಡಿಗಂತೂ ರಾಜ್ಯದ ಯಾವ ಹೆದ್ದಾರಿಯಲ್ಲೂ ಬರವಿಲ್ಲ. ಅದರಲ್ಲಿ ಬಾರು ಯಾರಿಗೆ, ಫ್ಯಾಮಿಲಿ ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಈ ಎಲ್ಲ ಅರ್ಥಗಳ ನಡುವೆ ಮೂರು ವರ್ಷದ ಮಗು ಎಲ್ಲಿ ಕೂರಬೇಕು?

ಶಿರಸಿಯಲ್ಲಿ ಮನೆ, ಯಲ್ಲಾಪುರದಲ್ಲಿ ತವರು, ಸಿದ್ದಾಪುರದಲ್ಲಿ ನಾದಿನಿ. ಹೀಗಾಗಿ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಈ ಮೂರು ಊರುಗಳ ಹೋಟೆಲುಗಳನ್ನು ನಾನು ಹೊಕ್ಕಷ್ಟು ಯಾರೂ ಹೊಕ್ಕಿರಲಾರರು. ಗಂಡಸರು ಹೋಟೆಲಿನ ಗುಣದೋಷ ಹೇಳಲು ಕೂತರೆ ದೋಸೆಯ ಗರಿಯಿಂದ ಶುರು ಮಾಡುತ್ತಾರೆ. ಸೊಂಟದ ಮೇಲೆ ಕೂಸಿರುವವಳ ವಿಮರ್ಶೆ ಕೈ ತೊಳೆಯುವ ಬೇಸಿನ್ನಿನಿಂದಲೇ ಶುರುವಾಗಬೇಕು. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೂ ಅಷ್ಟೇ, ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಬಂದರೂ ಅಷ್ಟೇ, ತಿರುವಿಗೊಮ್ಮೆ ವಾಂತಿ ಮಾಡಿದ ಮಗುವಿನ ಬಾಯಿ ತೊಳೆಸಿ, ಅಂಗಿ ಬದಲಿಸಿ, ಆಮೇಲಷ್ಟೇ ತಿಂಡಿಯ ಮಾತು. ಬೇಸಿನ್ನೋ ನಮ್ಮೆದೆಯ ಎತ್ತರಕ್ಕೆ. ಮಗುವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ನಲ್ಲಿ ತಿರುಗಿಸಿ, ತೊಳೆಯಲು ಮೂರನೆಯ ಕೈ ಎಲ್ಲಿಂದ ತರುವುದು? ಸಿದ್ದಾಪುರದ ಸಣ್ಣ ಖಾನಾವಳಿಯೊಂದರಲ್ಲಿ ಮಾತ್ರ ಬೇಸಿನ್ನಿನ ಕೆಳಗೆ ಒಂದು ಗಟ್ಟಿ ಮಣೆ ಇಟ್ಟಿದ್ದನ್ನು ಕಂಡೆ. ಅದಕ್ಕೆ ಎಷ್ಟು ಖರ್ಚಾಗಿದ್ದೀತು? ಆ ಖಾನಾವಳಿಯ ಬೋರ್ಡಿನಲ್ಲಿ ‘ಫ್ಯಾಮಿಲಿ’ ಎಂಬ ಶಬ್ದವೇ ಇಲ್ಲ ಎನ್ನುವುದು ತಮಾಷೆ.

ಇನ್ನು ಫ್ಯಾಮಿಲಿ ರೂಮು. ನಮ್ಮ ಅಜ್ಜಿಯ ಕಾಲದಲ್ಲಿ ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತುವುದೇ ಒಂದು ಸುದ್ದಿ. ಉಡುಪಿ ಕಡೆಯವರು ಊರೂರಿಗೆ ಹೋಗಿ ಹೋಟೆಲು ಹಾಕಿದ ಆ ಕಾಲದಲ್ಲಿ ಜಾತಿ ನೋಡಿ ಪ್ರತ್ಯೇಕ ಜಾಗ ತೋರಿಸುವ ಹೋಟೆಲುಗಳೂ ಇದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯು ಜಾತಿ, ಧರ್ಮ, ಲಿಂಗಗಳ ಹೆಸರು ಹೇಳಿ ಯಾರನ್ನೂ ಅಂಗಡಿ, ಹೋಟೆಲುಗಳಿಂದ ತಡೆಯಬಾರದು ಎಂದಿತು. ಅದೇ ವಿಧಿಯಲ್ಲಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಸರಕಾರ ವಿಶೇಷ ಸೌಲಭ್ಯ ಕಲ್ಪಿಸಬಹುದು ಎಂಬ ಮಾತೂ ಇದೆ. ನಮ್ಮ ಹೋಟೆಲಿನವರು ಆ ಮಾತನ್ನು ತಮಗೆ ತೋಚಿದಂತೆ ಓದಿಕೊಂಡು ಒಂದು ಪರದೆ ಇಳಿಬಿಟ್ಟರೇನೋ!

ನೀವೂ ಆ ಪರದೆಯ ಹಿಂದೆ ಕೂತಿರುತ್ತೀರಿ. ಪ್ಲೈವುಡ್ಡಿನ ಗೂಡು, ಕೈ ಒರೆಸಿಕೊಂಡವರ ಗುರುತು ಹೊತ್ತ ಹೂವಿನ ಪರದೆ, ಒಳಗೆ ಮಬ್ಬು ದೀಪ. ಬೆಂಚು ತಗ್ಗು, ಮೇಜು ಎತ್ತರ. ಮಗುವಿನ ಮೂಗು ಸರಿಯಾಗಿ ಮೇಜಿನ ಅಂಚಿಗೆ ಬರುತ್ತದೆ, ಅಲ್ಲೇ ಬಿಸಿ ಸಾಂಬಾರಿನ ಬಟ್ಟಲೂ ಇರುತ್ತದೆ. ಫ್ಯಾನೆಲ್ಲ ಹೊರಗೆ ಗಂಡಸರ ತಲೆಯ ಮೇಲೆ. ಹೆಂಗಸನ್ನು ನಾಲ್ಕು ಜನರ ಕಣ್ಣಿನಿಂದ ಮರೆ ಮಾಡಿದರೆ ಕುಟುಂಬಕ್ಕೆ ಬೇಕಾದ್ದೆಲ್ಲ ಆಯಿತೆಂದು ಲೆಕ್ಕ. ಮಗುವನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ಇಷ್ಟಾದರೂ ಆ ಪರದೆಯನ್ನು ಪೂರಾ ಬೈಯಲು ನನ್ನಿಂದಾಗದು. ನನ್ನ ಇಬ್ಬರು ಮಕ್ಕಳಿಗೂ ನಾನು ಮನೆಯ ಹೊರಗೆ ಹಾಲೂಡಿಸಿದ್ದು ಹೆಚ್ಚಾಗಿ ಇಂಥ ಗೂಡುಗಳಲ್ಲೇ. ಹೆಂಗಸನ್ನು ಬಚ್ಚಿಡಲು ಹಾಕಿದ ಪರದೆಯನ್ನು ತಾಯಂದಿರು ತಮ್ಮ ಕೆಲಸಕ್ಕೆ ತಿರುಗಿಸಿಕೊಂಡರು. ಈಗಿನ ಹೊಸ ರೆಸ್ಟೋರೆಂಟುಗಳು ಗೂಡುಗಳನ್ನು ಕಿತ್ತು ಹಾಕಿ ಗಾಜಿನ ಗೋಡೆ, ಹೊಳೆಯುವ ನೆಲ ಮಾಡಿಕೊಂಡಿವೆ. ಹೆಂಗಸರು ಎಲ್ಲರ ನಡುವೆ ಕೂತು ತಿನ್ನುತ್ತಾರೆ, ಬಹಳ ಸಂತೋಷ. ಆದರೆ ನಾಲ್ಕು ತಿಂಗಳ ಕೂಸು ಅತ್ತಾಗ ತಾಯಿ ಎಲ್ಲಿಗೆ ಹೋಗಬೇಕು? ಶಿರಸಿಯ ಇಂಥದೊಂದು ಗಾಜಿನ ಹೋಟೆಲಿನಲ್ಲಿ ಕೇಳಿದ್ದಕ್ಕೆ ಹುಡುಗ ಶೌಚಾಲಯದ ಬಾಗಿಲು ತೋರಿಸಿದ. ತಾನು ಶೌಚಾಲಯದಲ್ಲಿ ಕೂತು ಊಟ ಮಾಡುತ್ತಾನೆಯೇ ಎಂದು ಕೇಳಬೇಕೆನ್ನಿಸಿತು. ಪಾಪ, ಹದಿನೆಂಟರ ಹುಡುಗ, ಬಿಟ್ಟೆ. ರಾಜ್ಯದ ಕೆಲವು ಬಸ್ ನಿಲ್ದಾಣಗಳಲ್ಲಾದರೂ ಹಾಲುಣಿಸುವ ಕೋಣೆಗಳು ಬಂದಿವೆ. ಗೋಡೆಗೆಲ್ಲ ಗಾಜು ಹಾಕಿಸುವವರಿಗೆ ಒಂದು ಮೂಲೆಗೆ ಬಟ್ಟೆ ಕಟ್ಟುವುದು ಭಾರವೇ?

ಮಕ್ಕಳಿಗೆ ಏನು ತಿನ್ನಿಸುವುದೆಂಬುದು ಇನ್ನೊಂದು ಪುರಾಣ. ನಮ್ಮ ಕಡೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಕೊರತೆಯೇ ಇಲ್ಲ. ಒಂದೆಲಗದ ತಂಬುಳಿ, ಅನ್ನ-ತುಪ್ಪ, ತೊಡದೇವು, ಹಾಲುಬಾಯಿ, ಎಲ್ಲವೂ ಖಾರವಿಲ್ಲದ ಪದಾರ್ಥಗಳು. ಅದೇ ಊರಿನ ಹೋಟೆಲಿನಲ್ಲಿ ಮಕ್ಕಳಿಗೆಂದು ಕೇಳಿದರೆ ಬರುವುದು ಕೆಂಪಗಿನ ಗೋಬಿ ಮಂಚೂರಿ. ಆ ಕೆಂಪು ಎಲ್ಲಿಂದ ಬರುತ್ತದೆಂದು ಕೇಳುತ್ತಿದ್ದವಳು ನಾನು. 2024ರ ಮಾರ್ಚಿನಲ್ಲಿ ಸರಕಾರವೇ ಉತ್ತರ ಹೇಳಿತು: ಪರೀಕ್ಷೆ ಮಾಡಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ. ಬಾಂಬೆ ಮಿಠಾಯಿಯ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್ ಬಿ ಕೂಡ ಸಿಕ್ಕಿತು. ಎರಡಕ್ಕೂ ಬಣ್ಣ ಹಾಕುವುದನ್ನು ನಿಷೇಧಿಸಿದರು. ಅದೇ ತಿಂಗಳು ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆ. ಜಾತ್ರೆಗೆ ಬಂದ ಮಗು ಈ ಎರಡು ತಿಂಡಿಗೆ ಹಟ ಮಾಡದೆ ಇದ್ದೀತೇ? ಬಿಳಿ ಬಾಂಬೆ ಮಿಠಾಯಿ ತೋರಿಸಿದರೆ ಅದು ಕೆಟ್ಟುಹೋದದ್ದೆಂದು ನನ್ನ ಮಗ ಮುಖ ತಿರುಗಿಸಿದ.

ಹೊಗಳಬೇಕಾದ್ದನ್ನು ಹೊಗಳದೆ ಬಿಟ್ಟರೆ ಅದು ವಿಮರ್ಶೆಯಾಗದು. ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಲಾರಿಗಳ ಗದ್ದಲದಲ್ಲಿರುವ ಯಲ್ಲಾಪುರದ ಹಳೆಯ ಹೋಟೆಲೊಂದಿದೆ. ಗೋಡೆಗೆ ಬಣ್ಣ ಕಂಡು ಎಷ್ಟು ವರ್ಷವಾಯಿತೋ. ಆದರೆ ಮಗುವನ್ನು ಕಂಡ ಕೂಡಲೇ ಅಲ್ಲಿನ ವಯಸ್ಸಾದ ಸಪ್ಲೈಯರು ಕೇಳದೆಯೇ ಎರಡು ಬಿಸಿ ಇಡ್ಲಿ, ಮೇಲೆ ಚೂರು ತುಪ್ಪ ತಂದಿಡುತ್ತಾರೆ. ಸಾಂಬಾರು ಬೇರೆ ಬಟ್ಟಲಲ್ಲಿ, ನನ್ನ ಕಡೆಗೆ. ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಸುರಿದು ಆರಿಸಿಯೇ ಕೊಡುತ್ತಾರೆ. ನೆಲದ ಮೇಲೆ ಅನ್ನ ಚೆಲ್ಲಿದರೆ ಒರೆಸುವ ಹುಡುಗ ನಮ್ಮ ಮುಖ ನೋಡುವುದಿಲ್ಲ, ನೆಲ ನೋಡಿ ಒರೆಸುತ್ತಾನೆ. ಇದು ಸಣ್ಣ ಗುಣವಲ್ಲ. ಮಗು ಚೆಲ್ಲಿದ್ದಕ್ಕೆ ತಾಯಿಯನ್ನು ದುರುಗುಟ್ಟಿ ನೋಡುವ ಹೋಟೆಲಿನಲ್ಲಿ ಬೆಣ್ಣೆ ದೋಸೆಯೂ ಗಂಟಲಿನಲ್ಲಿ ಇಳಿಯದು.

ದೋಸೆಯ ಮಾತು ಬಂತು. ಎಲ್ಲರ ತಿಂಡಿಯೂ ಒಟ್ಟಿಗೇ ಬರುವ ಪದ್ಧತಿಯಿಂದ ತಾಯಂದಿರಿಗೆ ಆಗುವ ನಷ್ಟವನ್ನು ಯಾವ ಮಾಲೀಕರೂ ಯೋಚಿಸಿದಂತಿಲ್ಲ. ಒಬ್ಬನಿಗೆ ತಿನ್ನಿಸಿ, ಇನ್ನೊಬ್ಬಳ ಕೈ ತೊಳೆಸಿ ಬರುವಷ್ಟರಲ್ಲಿ ನಮ್ಮ ದೋಸೆ ತಣ್ಣಗೆ ಚಕ್ಕೆ. ಯಜಮಾನರದ್ದು ಅಷ್ಟರಲ್ಲಿ ಕಾಫಿಯೂ ಮುಗಿದಿರುತ್ತದೆ. ಈಚೆಗೆ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಮಕ್ಕಳದ್ದು, ಅವರದ್ದು ಮಾತ್ರ ಹೇಳುವುದು. ಅವೆಲ್ಲ ಮುಗಿದು, ಮಕ್ಕಳನ್ನು ಅವರ ಅಪ್ಪಯ್ಯನ ಜೊತೆ ಹೊರಗೆ ಬಸ್ಸು ನೋಡಲು ಕಳಿಸಿ, ಆಮೇಲೆ ನನ್ನ ದೋಸೆ ಹೇಳುತ್ತೇನೆ. ಬಿಲ್ಲು ಹಿಡಿದು ಬಂದ ಹುಡುಗ ಗಾಬರಿಯಾಗಿ ಕೇಳುತ್ತಾನೆ:

“ಎಲ್ಲರದ್ದೂ ಆಯ್ತಲ್ಲ ಅಕ್ಕಾ, ಇದು ಯಾರಿಗೆ?”