ಫ್ರಿಜ್ಜಿನ ಬೆನ್ನಿಗೂ ಗಾಳಿ ಬೇಕು

ಫ್ರಿಜ್ ತಂಪನ್ನು ಎಲ್ಲಿಂದಲೋ ತಂದು ಒಳಗೆ ತುಂಬುವುದಿಲ್ಲ. ಒಳಗಿರುವ ಬಿಸಿಯನ್ನು ಹೀರಿ, ಬೆನ್ನಿನ ಕಡೆಯಿಂದಲೋ ಪಕ್ಕೆಗಳಿಂದಲೋ ಮನೆಯ ಗಾಳಿಗೆ ಬಿಡುತ್ತದೆ. ಇದೊಂದು ಮನಸ್ಸಿನಲ್ಲಿ ಕೂತರೆ ಅದರ ಆರೈಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿ ಹೊರಗೆ ಹೋಗಲು ದಾರಿ ಇರಬೇಕು, ಹೊರಗಿನ ಬಿಸಿ ಒಳಗೆ ನುಸುಳಬಾರದು. ನಾವು ಮಾಡುವುದೇನು? ಹಬ್ಬಕ್ಕೆ ಫ್ರಿಜ್ಜಿನ ಮುಂಬಾಗಿಲನ್ನು ಹೊಳೆಯುವ ಹಾಗೆ ಒರೆಸುತ್ತೇವೆ. ಆಯುಧಪೂಜೆಯ ದಿನ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಸಿಕ್ಕಿಸುತ್ತೇವೆ. ಕೆಲಸವೆಲ್ಲ ನಡೆಯುವ ಬೆನ್ನನ್ನು ವರ್ಷಗಟ್ಟಲೆ ತಿರುಗಿಸಿಯೂ ನೋಡುವುದಿಲ್ಲ.

ತೆಂಗಿನ ಸೀಮೆಯಾದ ಹಂದನಕೆರೆ ಸುತ್ತಿನ ಹಳ್ಳಿಮನೆಗಳಲ್ಲಿ ಫ್ರಿಜ್ಜಿಗೆ ಸಾಮಾನ್ಯವಾಗಿ ಸಿಗುವ ಜಾಗ ನಡುಮನೆಯ ಮೂಲೆ. ಬೆನ್ನು ಗೋಡೆಗೆ ಅಂಟಿರುತ್ತದೆ, ಪಕ್ಕಕ್ಕೆ ರಾಗಿ ಚೀಲ ಒರಗಿರುತ್ತದೆ, ನೆತ್ತಿಯ ಮೇಲೆ ಔಷಧಿ ಡಬ್ಬಿ, ಕರೆಂಟ್ ಬಿಲ್ಲು, ಮದುವೆಯ ಕರೆಯೋಲೆಗಳು. ಅಂಗಳದಲ್ಲಿ ಕಾಯಿ ಸುಲಿದ ದಿನ ನಾರಿನ ನವಿರು ದೂಳು ಹೊಸ್ತಿಲು ದಾಟಿ ಬರುತ್ತದೆ. ಒಗ್ಗರಣೆಯ ಜಿಡ್ಡಿನ ಜೊತೆ ಸೇರಿ ಹಿಂದಿನ ಕಪ್ಪು ಕಂಬಿಗಳ ಮೇಲೆ ಪದರ ಪದರವಾಗಿ ಕೂರುತ್ತದೆ. ಆಮೇಲೆ ಬಿಸಿ ಹೊರಗೆ ಹೋಗುವುದೆಲ್ಲಿಗೆ? ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಆದರೂ ಹಾಲು ಹುಳಿಯಾಗುತ್ತದೆ.

ಗಾಳಿಯ ಬೆಲೆ ಈ ಸೀಮೆಯವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲಾರದು. ಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನುವವರೆಗೆ ಕಾಯುವ ಜನ ಇವರು. ತಿಪಟೂರು ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ ಆಗುವುದೇ ಹೀಗೆ. ಸಂದು ಬಿಟ್ಟು ಹಲಗೆ ಹಾಸಿ ಅಟ್ಟಕ್ಕೆ ಕೆಳಗಿನಿಂದ ಗಾಳಿ ಆಡಿಸುವ ಮನೆಯಲ್ಲಿ, ಅದರ ಕೆಳಗೇ ನಿಂತ ಫ್ರಿಜ್ಜಿಗೂ ಅದೇ ಉಪಚಾರ ಸಲ್ಲಬೇಕು. ಗೋಡೆಯಿಂದ ನಾಲ್ಕು ಬೆರಳಾದರೂ ಈಚೆ ಎಳೆಯಿರಿ. ಪಕ್ಕೆಗಳನ್ನೂ ಬಿಡಿಸಿ. ಎಷ್ಟೋ ಹೊಸ ಮಾದರಿಗಳಲ್ಲಿ ಹಿಂದೆ ಕಂಬಿ ಕಾಣುವುದೇ ಇಲ್ಲ. ಅದನ್ನು ಪಕ್ಕದ ತಗಡಿನೊಳಗೆ ಹುದುಗಿಸಿರುತ್ತಾರೆ. ಪಕ್ಕೆ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಆ ಪಕ್ಕೆಗೆ ರಾಗಿ ಚೀಲ ಒರಗಿಸಿದರೆ ದಾರಿ ಕಟ್ಟಿದ ಹಾಗೆಯೇ. ಕಂಬಿ ಹೊರಗಿರುವ ಹಳೆಯ ಫ್ರಿಜ್ಜಾದರೆ ಪ್ಲಗ್ ಕಿತ್ತು, ಮೆದು ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ದೂಳು ಇಳಿಸಿ. ಮೂರು ತಿಂಗಳಿಗೊಮ್ಮೆ ಸಾಕು. ಮನೆ ಮುಂದೆ ಕಾಯಿ ಸುಲಿಸುವವರು ಆ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಮಾಡಬೇಕು.

ಇದು ದುಡ್ಡಿನ ಮಾತೂ ಹೌದು. 2023ರಿಂದ ಜಾರಿಯಲ್ಲಿರುವ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಂದುಕೊಂಡವರಿದ್ದಾರೆ. ಹಾಗಲ್ಲ, ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ಹೆಚ್ಚಿನದಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಫ್ಯಾನು, ಟೀವಿ, ಮಿಕ್ಸಿ ನಾವು ಬೇಕೆಂದಾಗ ಓಡುತ್ತವೆ. ಹಗಲು ರಾತ್ರಿ ಗೋಡೆಗೆ ಸಿಕ್ಕಿಸಿಕೊಂಡೇ ಇರುವುದು ಫ್ರಿಜ್.

ಫ್ರಿಜ್ಜಿನ ಹಿಂಬದಿಯಲ್ಲಿ ಕೆಳಗೆ, ಕಂಪ್ರೆಸರಿನ ನೆತ್ತಿಯ ಮೇಲೆ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಒಳಗೆ ಕರಗಿದ ಮಂಜಿನ ನೀರು ಕೊಳವೆಯಲ್ಲಿ ಇಳಿದು ಅಲ್ಲಿ ನಿಲ್ಲುತ್ತದೆ, ಕಂಪ್ರೆಸರಿನ ಕಾವಿಗೆ ಆವಿಯಾಗುತ್ತದೆ. ಮಳೆಗಾಲದಲ್ಲಿ ಬರುವ ನೀರು ಹೆಚ್ಚು, ಆರುವುದು ಕಡಿಮೆ. ಟಾರ್ಚ್ ಬಿಟ್ಟು ಆ ತಟ್ಟೆಯನ್ನು ಒಮ್ಮೆ ನೋಡಿ. ಅಂಚಿಗೆ ಕಂದು ಲೋಳೆ, ತಳದಲ್ಲಿ ನಾರಿನ ಎಳೆ, ಒಂದೆರಡು ಸತ್ತ ಇರುವೆ. ನೀರಿನಲ್ಲಿ ಬೆಳಕು ಬಿದ್ದ ಕೂಡಲೇ ಕೊಂಕುತ್ತ ತಳಕ್ಕಿಳಿಯುವ ಸಣ್ಣ ಹುಳುಗಳು ಕಂಡರೆ ಅವು ಸೊಳ್ಳೆಮರಿ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರು ಅಂಗೈಯಗಲ ಸಿಕ್ಕರೂ ಸಾಕು. ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಒಂದು ವಾರ, ಹತ್ತು ದಿನ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಯರು ತೊಟ್ಟಿ, ಡ್ರಮ್ಮಿನ ಜೊತೆಗೆ ಫ್ರಿಜ್ಜಿನ ಹಿಂಬದಿಯನ್ನೂ ತೋರಿಸಿ ಅಂದರೆ ಬೇಸರಪಡಬೇಡಿ. ಚಿಪ್ಪಿನಲ್ಲಿ ಮಳೆನೀರು ನಿಲ್ಲದಂತೆ ತೋಟದಲ್ಲಿ ಬೋರಲು ಹಾಕುವ ನಮಗೆ, ವಾರಕ್ಕೊಮ್ಮೆ ಈ ತಟ್ಟೆಯ ನೀರನ್ನು ಚೆಲ್ಲಿ ಉಜ್ಜುವುದು ಹೆಚ್ಚಿನ ಕೆಲಸವಲ್ಲ.

ತರಕಾರಿ ಡಬ್ಬಿಯ ಕೆಳಗೆ ನೀರು ನಿಲ್ಲುತ್ತಿದ್ದರೆ, ಆ ತಟ್ಟೆಗೆ ಇಳಿಯುವ ತೂತು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಕೊತ್ತಂಬರಿ ಎಲೆಯ ಒಂದು ಚೂರು ಸಾಕು ಅದಕ್ಕೆ. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಹೊರಗಿನ ಬಿಸಿಯನ್ನು ತಡೆಯುವುದು ಬಾಗಿಲಿನ ರಬ್ಬರು. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಗ್ಯಾಸ್ಕೆಟ್. ಅದರ ಮಡಿಕೆಯನ್ನು ಬೆರಳಿಂದ ಬಿಡಿಸಿ ನೋಡಿದರೆ ಮನೆಯ ಅಡುಗೆಯೆಲ್ಲ ಅಲ್ಲಿ ಕಾಣುತ್ತದೆ: ಒಣಗಿದ ಕಾಯಿತುರಿ, ದೋಸೆಹಿಟ್ಟಿನ ಹಕ್ಕಳೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಸೋಪಿನ ನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಿಂದ ಒತ್ತಿ ಒರೆಸಿ. ರಬ್ಬರು ಮೆತ್ತಗಿರಲಿ ಎಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುವಂಥದ್ದು. ತಣ್ಣನೆಯ ಅಂಚಿನಲ್ಲಿ ಹೆಪ್ಪುಗಟ್ಟಿ, ದೂಳು ಹಿಡಿದು, ಇರುವೆ ಕರೆಯುತ್ತದೆ. ಹಿಡಿತ ಪರೀಕ್ಷಿಸಲು ಹತ್ತು ರೂಪಾಯಿಯ ನೋಟನ್ನು ಅಡ್ಡ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತಡೆದು ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಸಂದಿದೆ. ಸೊಟ್ಟಗಾದ ರಬ್ಬರಿನ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಎಷ್ಟೋ ಸಲ ಕೂರುತ್ತದೆ. ಹರಿದಿದ್ದರೆ ಬದಲಾಯಿಸಲೇಬೇಕು.

ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಐಸು ಅರ್ಧ ಸೆಂಟಿಮೀಟರಿಗಿಂತ ದಪ್ಪ ಕಟ್ಟಿದರೆ ಅದೇ ತಂಪಿಗೆ ಅಡ್ಡ. ತಂಪು ಹೆಚ್ಚುಕಡಿಮೆ ಮಾಡುವ ತಿರುಪಿನ ನಡುವಿನ ಗುಂಡಿ ಒತ್ತಿ, ತಾನಾಗಿ ಕರಗಲು ಬಿಡಿ. ಕಾಯಿ ಎಬ್ಬುವ ಚಾಕು ಕೈಗೆ ಸಿಗುತ್ತದೆಂದು ಅದರಿಂದ ಐಸನ್ನು ಮೀಟಿದರೆ ತೆಳು ಅಲ್ಯೂಮಿನಿಯಂ ತೂತಾಗಿ ಗ್ಯಾಸ್ ಪೂರ್ತಿ ಹೋಗಬಹುದು. ಈಗಿನ ಬಹುಪಾಲು ಫ್ರಿಜ್ಜುಗಳಲ್ಲಿರುವ ಆರ್600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು ಕೂಡ.

ಒಳಗಿನ ತೊಳೆಯುವಿಕೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಸಾಕು. ಫಿನಾಯಿಲ್ ಹತ್ತಿರ ತರಬೇಡಿ. ಗಾಜಿನ ಹಲಗೆ ತಣ್ಣಗಿರುವಾಗ ಬಿಸಿನೀರು ಹುಯ್ದರೆ ಸೀಳಬಹುದು. ಎಲ್ಲ ಮುಗಿದು ಪ್ಲಗ್ ಹಾಕುವ ಮುನ್ನ ಐದು ನಿಮಿಷ ತಡೆಯಿರಿ. ಕರೆಂಟ್ ಹೋಗಿ ಹೋಗಿ ಬರುವ ಸಂಜೆಗಳಲ್ಲಿ ಕಂಪ್ರೆಸರಿಗೆ ಇದೇ ಬಿಡುವನ್ನು ಕೊಡುವ ಸ್ಟೆಬಿಲೈಸರ್ ಇದ್ದರೆ ನಿಶ್ಚಿಂತೆ. ಕರೆಂಟ್ ಇಲ್ಲದಾಗ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ಒಳಗಿನದು ಕೆಡುವುದಿಲ್ಲ.

ಇನ್ನು ಕಾಯಿ. ಕೊಬ್ಬಿನಂಶವಿರುವ ಯಾವುದೇ ಪದಾರ್ಥದಂತೆ ಅದು ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ಬೆಳ್ಳುಳ್ಳಿ ಗೊಜ್ಜಿನ ಪಕ್ಕ ಬಾಯಿ ತೆರೆದಿಟ್ಟ ಹೋಳಿನ ಚಟ್ನಿ ಮಾರನೆಯ ದಿನ ಯಾರಿಗೂ ಹಿಡಿಸದು. ಒರೆಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಕಣ್ಣಿರುವ ಹೋಳು ಬೇಗ ಲೋಳೆಯಾಗುತ್ತದೆಂದು ಅದನ್ನು ಮೊದಲು ತುರಿಯುವ ಮನೆಗಳ ರೂಢಿಯೇ ಸರಿ. ಉಳಿದದ್ದನ್ನು ತುರಿದು, ಒಂದೊಂದು ಸಾರಿಗೆ ಬೇಕಾಗುವಷ್ಟನ್ನು ಬೇರೆ ಬೇರೆ ಕಟ್ಟಿ ಫ್ರೀಜರಿಗೆ ಹಾಕಿ. ಒಟ್ಟಿಗೆ ಹಾಕಿ ದಿನವೂ ಹೊರತೆಗೆದು ಕರಗಿಸಿ ಮತ್ತೆ ಒಳಗಿಟ್ಟರೆ ಆ ತುರಿಯ ರುಚಿಯೂ ಹೋಗುತ್ತದೆ, ಫ್ರೀಜರಿಗೆ ಐಸೂ ಬೇಗ ಕಟ್ಟುತ್ತದೆ.